ಬಳೆಗಾರ ಒತ್ತಿ ನೋಡಿದ ಕೈ

"ಅಜ್ಜಾರ, ಒಬ್ಬರ ನೋವು ಖರೇನೋ ಸುಳ್ಳೋ ಅಂತ ಪರೀಕ್ಷಾ ಮಾಡೂದು ಹೆಂಗ?"

ಗುರುಗಳನ್ನು ಹೀಗೆ ಕೇಳಿದವನು ಪರ್ವತಯ್ಯ. ಮಠದಲ್ಲಿ ಯಾರು ಯಾವ ಕೆಲಸ ಮಾಡಬೇಕೆಂದು ಹಂಚಿಕೊಡುವ ಹೊಣೆ ಅವನದು. ಅವನಿಗೆ ತಲೆನೋವಾಗಿದ್ದವನು ಕಲ್ಲಿನಾಥನೆಂಬ ಹೊಸ ಶಿಷ್ಯ. ಕಲ್ಲಿನಾಥ ಒಂದು ದಿನ ಎಲ್ಲರಿಗಿಂತ ಮೊದಲೆದ್ದು ಬಾವಿಯಿಂದ ನೀರು ಸೇದುತ್ತಿದ್ದ. ಮರುದಿನ ಹೊತ್ತೇರಿದರೂ ಚಾಪೆ ಬಿಟ್ಟು ಏಳುತ್ತಿರಲಿಲ್ಲ, ಬೆರಳು ಮಡಚಲು ಬರುವುದಿಲ್ಲ ಎನ್ನುತ್ತಿದ್ದ. ಅವನ ಮೊಣಕೈಗಳ ಮೇಲೆ ದಪ್ಪನೆಯ ಕೆಂಪು ಕಲೆಗಳಿದ್ದವು, ಅವುಗಳಿಂದ ಬಿಳಿಯ ಹೊಟ್ಟು ಉದುರುತ್ತಿತ್ತು. ಇದು ಅಂಟುವ ರೋಗವಲ್ಲವೆಂದು ವೈದ್ಯರು ಹೇಳಿ ಹೋಗಿದ್ದರು. ಆದರೂ ಪಂಕ್ತಿಯಲ್ಲಿ ಅವನ ಪಕ್ಕದ ಎಲೆ ಖಾಲಿಯೇ ಇರುತ್ತಿತ್ತು. ನಾಳೆ ಅವನನ್ನು ಇಡೀ ದಿನ ನೀರು ಸೇದಲು ಹಚ್ಚಬೇಕು, ನಾಟಕವೆಂದು ಗೊತ್ತಾದರೆ ಮಠ ಬಿಡಿಸಬೇಕು ಎಂಬುದು ಪರ್ವತಯ್ಯನ ಯೋಚನೆ.

ಗುರುಗಳು ಕುಳಿತುಕೋ ಎಂದು ಕೈ ತೋರಿಸಿ ಕತೆ ಹೇಳತೊಡಗಿದರು.

ಒಬ್ಬ ಬಳೆಗಾರನಿದ್ದ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳ ಕೈಗಳೆಲ್ಲ ಅವನಿಗೆ ಗೊತ್ತು. ಪರಗಂಡಸರ ಸದ್ದಾದರೆ ಸೆರಗು ಸರಿಮಾಡಿಕೊಳ್ಳುವ ಹೆಂಗಸರು ಅವನ ಮುಂದೆ ಮಾತ್ರ ಸಲೀಸಾಗಿ ಕೈ ಚಾಚುತ್ತಿದ್ದರು. ಬಳೆಗಾರನೆಂದರೆ ತವರಿನ ಅಣ್ಣನಿದ್ದಂತೆ. ಅವನಿಗೊಂದು ಜಂಬವಿತ್ತು. ಅವನು ತೊಡಿಸುವಾಗ ಒಂದು ಬಳೆಯೂ ಒಡೆದದ್ದಿಲ್ಲ. ಅಂಗೈಯನ್ನು ಮಡಚಿ, ಬೆರಳಿನ ಗಂಟುಗಳನ್ನೂ ಹೆಬ್ಬೆರಳಿನ ಬುಡವನ್ನೂ ಒಂದೇ ಪಟ್ಟಿನಲ್ಲಿ ಒತ್ತಿ ಹಿಡಿದನೆಂದರೆ ಎಂಥ ಬಿಗಿಯಾದ ಬಳೆಯೂ ಮಣಿಕಟ್ಟಿಗೆ ಇಳಿಯಲೇಬೇಕು. ದೊಡ್ಡ ಬಳೆ ಕೇಳುವವರನ್ನು ಕಂಡರೆ ಅವನಿಗೆ ನಗು. ದೊಡ್ಡ ಬಳೆಯನ್ನು ಯಾರು ಬೇಕಾದರೂ ತೊಟ್ಟುಕೊಳ್ಳಬಹುದು, ಅದಕ್ಕೆ ಬಳೆಗಾರನೇಕೆ ಎನ್ನುತ್ತಿದ್ದ.

ಅವನ ಊರಿನ ಒಬ್ಬ ಹುಡುಗಿಯನ್ನು ದೂರದ ಊರಿಗೆ ಕೊಟ್ಟಿದ್ದರು. ಅವಳಿಗೆ ತಂದೆತಾಯಿ ಇರಲಿಲ್ಲ. ಬಸುರಿಯಾಗಿ ಏಳು ತಿಂಗಳಾದಾಗ ಗಂಡನ ಮನೆಯವರು ಕುಬಸದ ಕಾರ್ಯ ಇಟ್ಟುಕೊಂಡರು. ಬಸುರಿಗೆ ತವರಿನ ಹಸಿರು ಬಳೆ ತೊಡಿಸಬೇಕು. ತವರಿನ ಕಡೆಯವನೆಂದು ಹೋದದ್ದು ಬಳೆಗಾರನೊಬ್ಬನೇ.

ಆ ಸೊಸೆಗೆ ಕೀಲುನೋವು. ಆ ನೋವಿಗೆ ಒಂದು ಚಾಳಿಯಿತ್ತು. ಬಂದಾಗ ಬೆರಳುಗಳು ಊದಿ ಬದನೆಕಾಯಿಯಾಗುತ್ತಿದ್ದವು, ಹೋದಾಗ ಗುರುತೂ ಉಳಿಯುತ್ತಿರಲಿಲ್ಲ. ಅವಳ ತೊಗಲೂ ಹಾಗೆಯೇ. ಎಲ್ಲಾದರೂ ಗೀರು ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಅದೇ ಗೆರೆಯ ಮೇಲೆ ಕೆಂಪು ಹುರುಪೆ ಏಳುತ್ತಿತ್ತು. ಬಸುರಿಯಾದ ಮೇಲೆ ಬಾವು ಇಳಿದಿತ್ತು. ನೋಡುವವರಿಗೆ ಅವಳ ಕೈ ಎಲ್ಲರ ಕೈಯಂತೆಯೇ ಇತ್ತು. ಗಂಟುಗಳ ಒಳಗೆ ನೋವು ಇನ್ನೂ ಕೂತಿರುವುದು ಅವಳೊಬ್ಬಳಿಗೇ ಗೊತ್ತು.

"ಅಣ್ಣಾ, ದೊಡ್ಡ ಬಳಿ ತೊಡಸು. ಒತ್ತಬ್ಯಾಡ, ಗಂಟು ನೋಯ್ತಾವ," ಎಂದು ಅವಳು ಮೆಲ್ಲಗೆ ಹೇಳಿದಳು.

ಅದು ಅತ್ತೆಯ ಕಿವಿಗೆ ಬಿತ್ತು. "ದಿನಾ ಇದ ರಾಗ ನೋಡಪಾ. ನಿನ್ನಿ ನೀರು ತರ್ತಾಳ, ಇವತ್ತು ತಂಬಿಗಿ ಎತ್ತಾಕ ಆಗೂದಿಲ್ಲ ಅಂತಾಳ. ಸಾವಿರ ಕೈ ಹಿಡದಾಂವ ನೀನು. ಹಿಡದು ನೋಡಿ ನೀನ ಹೇಳು, ಈ ಕೈಗೆ ಏನರ ಆಗೇತೇನು?"

ಕೂಡಿದ ಹೆಂಗಸರೆಲ್ಲ ಬಳೆಗಾರನ ಬಾಯಿ ನೋಡಿದರು. ಅಷ್ಟು ಜನರ ಎದುರಿಗೆ ಅವನನ್ನು ಪಂಚನ ಹಾಗೆ ಕೂರಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವನಿಗೆ ಹಿಗ್ಗಾಯಿತು. ಪೆಟ್ಟಿಗೆಯಲ್ಲಿ ದೊಡ್ಡ ಬಳೆಗಳಿದ್ದವು. ಅವನು ಸಣ್ಣವನ್ನು ತೆಗೆದ. ಅವಳ ಕೈ ಹಿಡಿದು, ಗಂಟುಗಳನ್ನು ಬೇಕೆಂದೇ ಬಲವಾಗಿ ಒತ್ತಿ, ಅವಳ ಮುಖವನ್ನೇ ನೋಡಿದ.

ಕುಬಸದ ದಿನ ಬಸುರಿ ಕಣ್ಣೀರು ಹಾಕಬಾರದು. ಬಳೆಯೂ ಒಡೆಯಬಾರದು, ಒಡೆದರೆ ಹೊಟ್ಟೆಯ ಕೂಸಿಗೆ ಕೇಡು ಎನ್ನುವವರು ಸುತ್ತಲೂ ಕೂತಿದ್ದರು. ಅವಳು ಕೈ ಎಳೆದುಕೊಳ್ಳಲಿಲ್ಲ. ಹಲ್ಲು ಕಚ್ಚಿಕೊಂಡು ನಕ್ಕಳು. ಇಪ್ಪತ್ತೊಂದು ಬಳೆಗಳು, ಅವನು ಇಪ್ಪತ್ತೊಂದು ಸಲ ಒತ್ತಿದ. ಅವಳು ನಗುತ್ತಲೇ ಇದ್ದಳು.

"ಏನೂ ಆಗಿಲ್ಲ ಬಿಡ್ರಿ. ಹೂವಿನಂಥಾ ಕೈ," ಎಂದು ಬಳೆಗಾರ ಎಲ್ಲರಿಗೂ ಕೇಳುವಂತೆ ಹೇಳಿದ. ಹೆಂಗಸರು ನಕ್ಕರು. ಅವನು ತನಗೆ ಕೊಟ್ಟ ಅಕ್ಕಿ, ಕೊಬ್ಬರಿ ಕಟ್ಟಿಕೊಂಡು ಸಂತೋಷದಿಂದ ಊರಿಗೆ ಮರಳಿದ. ತವರಿಲ್ಲದ ಹುಡುಗಿಗೆ ತಾನು ತವರಾದೆ ಎಂದು ದಾರಿಯುದ್ದಕ್ಕೂ ಅಂದುಕೊಂಡ.

ಹೆರಿಗೆಯಾಯಿತು, ಗಂಡುಮಗು. ಮೂರನೆಯ ತಿಂಗಳಿಗೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಬಳೆಗಾರ ಕೂಸಿನ ಕೈಗೆಂದು ಪುಟ್ಟ ಕರಿಬಳೆ ತೆಗೆದುಕೊಂಡು ಹೋದ. ಪಡಸಾಲೆಗೆ ಕಾಲಿಟ್ಟವನು ಹಾಗೆಯೇ ನಿಂತುಬಿಟ್ಟ.

ಅವಳು ಕೂಸನ್ನು ಮೊಣಕೈಗಳ ಮಡಿಕೆಯಲ್ಲಿ ಹೊತ್ತು ಕೂತಿದ್ದಳು. ಬೆರಳು ಸೋಕಿಸಿರಲಿಲ್ಲ. ಸೋಕಿಸಲು ಬೆರಳುಗಳು ಬೆರಳುಗಳ ಹಾಗೆ ಉಳಿದಿರಲಿಲ್ಲ. ಎಡಗೈಯ ಮೂರು ಬೆರಳುಗಳು ಊದಿ, ಮಡಚಿದಲ್ಲಿಯೇ ಬಿಗಿದುಕೊಂಡಿದ್ದವು. ಕೈ ತುಂಬ ಬಾವು. ಅವನು ತೊಡಿಸಿದ ಹಸಿರು ಬಳೆಗಳು ಆ ಬಾವಿನಲ್ಲಿ ಹೂತು ಹೋಗಿದ್ದವು.

"ಅವ್ವಾ, ಇದೇನು? ಇವನ್ನ ಯಾಕ ತಗೀಲಿಲ್ಲ?" ಎಂದು ಅವನು ಅತ್ತೆಯನ್ನು ಕೇಳಿದ.

"ಕುಬಸದ ಬಳಿ ತೊಟ್ಟಿಲಕ್ಕಿಂತ ಮೊದಲ ತಗದ್ರ ಕೂಸಿಗೆ ಒಳ್ಳೇದಲ್ಲ. ಮುತ್ತೈದಿ ಕೈಯಾನ ಬಳಿ ಒಡೀತಾರೇನು? ಹಡದ ಮ್ಯಾಲೆ ನೋವು ಅಂತ ಮತ್ತ ಸುರು ಮಾಡಿದ್ಲು. ವೈದ್ಯನ ಕಡೆ ಕರಕೊಂಡು ಹೋಗ್ರಿ ಅಂದ್ಲು. ಏನೂ ಆಗಿಲ್ಲ ಅಂತ ಆಕಿ ತವರಿನಾಂವ, ನೀನ ಹೇಳಿದ್ದೆಲ್ಲಪಾ. ಬೀಸಿದ್ರ ಕೈ ಸಡ್ಲ ಆದಾವು ಅಂತ ಬೀಸೂಕಲ್ಲಿಗೆ ಹಚ್ಚಿದ್ವಿ."

ಅತ್ತೆ ಕೆಟ್ಟವಳಾಗಿರಲಿಲ್ಲ. ಅವಳ ಮುಖವೂ ಹೆದರಿ ಬಿಳಿಚಿಕೊಂಡಿತ್ತು. ಅವಳು ನಂಬಿದ್ದು ಬಳೆಗಾರನ ಮಾತನ್ನು. ಆ ಮನೆಯಲ್ಲಿ ಆ ಹುಡುಗಿ ಬಾಯಿ ಬಿಟ್ಟಾಗಲೆಲ್ಲ ಅವನ ಮಾತೇ ಎದುರಿಗೆ ಬಂದು ನಿಂತಿತ್ತು. ಮೂರು ತಿಂಗಳು ಅವಳ ಬಾಯಿ ಮುಚ್ಚಿಸಿದವನು ತಾನೇ ಎಂದು ಬಳೆಗಾರನಿಗೆ ತಿಳಿಯಿತು. ಅವನು ಪೆಟ್ಟಿಗೆ ಇಳಿಸಿ ಅವಳ ಎದುರಿಗೆ ಕೂತ.

ಅವನು ಶಕುನ ಕೇಳಲಿಲ್ಲ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಪೆಟ್ಟಿಗೆಯಿಂದ ಸಣ್ಣ ಇಕ್ಕಳ ತೆಗೆದು ಒಂದೊಂದೇ ಬಳೆಯನ್ನು ಚಿವುಟಿ ಒಡೆದ. ಗಾಜಿನ ಚೂರುಗಳನ್ನು ಆರಿಸಿ ತೆಗೆದು ಮಣಿಕಟ್ಟನ್ನು ಬೆಳಕಿಗೆ ಹಿಡಿದ. ಬಳೆ ಗೀರಿದ ಒಂದೊಂದು ಜಾಗದಲ್ಲೂ ತೊಗಲು ಕೆಂಪಗೆ ಎದ್ದು, ಬಿರಿದು, ಹುರುಪೆಗಟ್ಟಿತ್ತು. ಗಾಜಿನ ಬಳೆಗಳು ಹೋದರೂ ತೊಗಲಿನ ಬಳೆಗಳು ಸಾಲಾಗಿ ಹಾಗೆಯೇ ಉಳಿದಿದ್ದವು. ಅವನು ಎಣಿಸಬಾರದೆಂದರೂ ಕಣ್ಣು ಎಣಿಸಿತು.

"ಅವತ್ತ ಯಾಕ ಹೇಳಲಿಲ್ಲ ತಂಗೀ?" ಎಂದು ಅವನು ಅತ್ತ.

ಅವಳಿಗೆ ಸಿಟ್ಟಿರಲಿಲ್ಲ. ಅವನು ಕೇಳಿದ್ದೇ ಅವಳಿಗೆ ವಿಚಿತ್ರವೆನಿಸಿತು.

"ಹೇಳಿದ್ನೆಲ್ಲೋ ಅಣ್ಣಾ. ದೊಡ್ಡ ಬಳಿ ತೊಡಸು ಅಂದಿದ್ನೆಲ್ಲ."

ಅವತ್ತೇ ಅವಳನ್ನು ಗಾಡಿಯಲ್ಲಿ ವೈದ್ಯನಲ್ಲಿಗೆ ಕರೆದೊಯ್ದರು. ಔಷಧಿಯಿಂದ ಬಾವು ಇಳಿಯಿತು, ಹುರುಪೆ ಮಾಯಿತು. ಆ ಮೂರು ಬೆರಳುಗಳು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಮೊದಲೇ ಬಂದಿದ್ದರೆ ಉಳಿಯುತ್ತಿದ್ದವು ಎಂದು ವೈದ್ಯ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ಪರ್ವತಯ್ಯ ತನ್ನ ಮಣಿಕಟ್ಟನ್ನು ತಾನೇ ಸವರಿಕೊಳ್ಳುತ್ತಿದ್ದ. ಆ ಬಳೆಗಾರನ ಮೇಲೆ ಅವನಿಗೆ ಬಹಳ ಸಿಟ್ಟು ಬಂದಿತ್ತು. ಆದರೂ ಅವನು ಕೇಳಲು ಬಂದ ಪ್ರಶ್ನೆ ಅವನನ್ನು ಇನ್ನೂ ಬಿಟ್ಟಿರಲಿಲ್ಲ.

"ಅವಗ ಒತ್ತಿ ನೋಡಾಕ ಬರಲಿಲ್ಲರಿ ಅಜ್ಜಾರ," ಎಂದ. "ತಿಳದಾಂವ ಆಗಿದ್ರ, ಸರಿಯಾಗಿ ಒತ್ತಿ ನೋಡಿದ್ರ, ನೋವು ಐತೋ ಇಲ್ಲೋ ಗೊತ್ತಾಗ್ತಿತ್ತು."

ಗುರುಗಳು ಅವನನ್ನು ನೋಡಿದರು.

"ಆಕಿ ಹೇಳಿದ ಮ್ಯಾಲೂ ಒತ್ತೂದ್ಯಾಕೋ, ಪರ್ವತಯ್ಯಾ?"