ಹೊಗೆಕೊಳವೆ ಕತ್ತರಿಸಿದ ಶಿಷ್ಯ

ತುಂಗಭದ್ರೆಯ ದಂಡೆಯಲ್ಲಿ ಪಂಪಣ್ಣ ಗುರುಗಳದೊಂದು ತಗಡಿನ ಶೆಡ್ಡು. ಆಶ್ರಮ ಅಂದರೆ ಅದೇ ಆಶ್ರಮ. ಧೂಪದ ಬದಲು ಅಲ್ಲಿ ಎಣ್ಣೆ ಹೊಗೆ, ಅಷ್ಟೇ. ರಿಮೋಟಿನಿಂದ ಓಡುವ ಪುಟ್ಟ ಕಾರುಗಳಿಗೆ ಮುಷ್ಟಿಯಲ್ಲಿ ಹಿಡಿಯುವಂಥ ಎಂಜಿನ್ ಮಾಡುವುದನ್ನು ಅವರು ಕಲಿಸುತ್ತಿದ್ದರು.

ಈಗ ವಯಸ್ಸಾಗಿ ಅವರ ಕೈ ನಡುಗುತ್ತಿತ್ತು. ಶೆಡ್ಡಿನಲ್ಲಿದ್ದ ಒಂದು ಕೆಂಪು ಕಾರಿನದೇ ತಮ್ಮ ಕಡೆಯ ಎಂಜಿನ್, ಇನ್ನೊಂದು ತಮ್ಮಿಂದಾಗದು ಎಂದು ಅವರೇ ಹೇಳಿದ್ದರು.

ಕಿವಿಯೂ ಮಂದವಾಗಿತ್ತು. ದಿನಾ ಸಂಜೆ ಎಂಜಿನ್ ಚಾಲೂ ಮಾಡಿ, ಹೊಗೆಕೊಳವೆಯ ಬಾಯಿಗೆ ಅಂಗೈ ಒಡ್ಡಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಆಮೇಲೆ ಕಾರನ್ನು ದಂಡೆಯ ಗಟ್ಟಿ ನೆಲದ ಮೇಲೆ ಬಿಡುತ್ತಿದ್ದರು.

ಶಿಷ್ಯ ತಿಪ್ಪೇಶಿ ಅದನ್ನು ದಿನಾ ನೋಡುತ್ತಿದ್ದ. ಪಾಪ, ಸದ್ದು ಕೇಳಿಸದ ಮುದುಕರು ಹೊಗೆ ಮುಟ್ಟಿ ಸಮಾಧಾನಪಟ್ಟುಕೊಳ್ಳುತ್ತಾರೆ ಎಂದುಕೊಂಡ. ವಿಚಾರಿಸಬೇಕೆಂದು ಮಾತ್ರ ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಒಂದು ದಿನ ಗುರುಗಳು ಪೇಟೆಗೆ ಹೋದಾಗ ಗರಗಸ ಹಿಡಿದ. ಸದ್ದು ಜೋರಾಗಲೆಂದು ಕೊಳವೆಯನ್ನು ಅರ್ಧಕ್ಕೆ ಕತ್ತರಿಸಿದ. ಅದರಿಂದ ಎಣ್ಣೆ ಟ್ಯಾಂಕಿಗೆ ಹೋಗುತ್ತಿದ್ದ ಸಣ್ಣ ರಬ್ಬರ್ ನಳಿಕೆಗೆ ಇನ್ನು ಜಾಗವಿರಲಿಲ್ಲ. ಹೊಗೆ ತಾನೇ, ಅದಕ್ಕೇನು ಕೆಲಸ ಎಂದು ಅದನ್ನೂ ಕಿತ್ತು, ಟ್ಯಾಂಕಿನ ತೂತಿಗೆ ಬಿರಡೆ ಜಡಿದ.

ಗುರುಗಳು ಬಂದರು.

"ಕೂತ್ಕೊಳ್ಳಿ ಗುರುಗಳೇ. ಇವತ್ತು ಕೈ ಒಡ್ಡೋದು ಬೇಡ, ಸುಮ್ನೆ ಕೇಳಿ."

ಎಂಜಿನ್ ಅಬ್ಬರಿಸಿತು. ದಂಡೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ಗುರುಗಳ ಮುಖ ಅರಳಿತು. "ಕೇಳಿಸ್ತು ಕಣೋ!" ಎಂದರು. ತಿಪ್ಪೇಶಿ ಉಬ್ಬಿಹೋದ.

ಕಾರು ನುಗ್ಗಿತು. ಸದ್ದು ಏರಿತು, ಇನ್ನೂ ಏರಿತು, ಕಿರುಚತೊಡಗಿತು. ಗುರುಗಳ ನಗು ಮಾಯವಾಯಿತು. "ನಿಲ್ಲಿಸೋ!" ಎನ್ನುವಷ್ಟರಲ್ಲಿ ಅದು ತಾನೇ ನಿಂತಿತು.

ತಿಪ್ಪೇಶಿ ಓಡಿಹೋಗಿ ಎಂಜಿನ್ ಚಾಲೂ ಮಾಡುವ ದಾರ ಎಳೆದ. ದಾರ ಅಲುಗಲಿಲ್ಲ. ಒಳಗೆ ಪಿಸ್ಟನ್ ಕಚ್ಚಿಕೊಂಡುಬಿಟ್ಟಿತ್ತು.

ಗುರುಗಳು ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ನಳಿಕೆಯನ್ನು ಎತ್ತಿ ತಂದರು.

"ಇದು ಎಲ್ಲಿಂದ ಎಲ್ಲಿಗಿತ್ತು?"

"ಕೊಳವೆಯಿಂದ ಟ್ಯಾಂಕಿಗೆ."

"ಒಳಗೇನು ಹೋಗ್ತಿತ್ತು?"

"ಬರೀ ಹೊಗೆ, ಗುರುಗಳೇ."

"ಆ ಹೊಗೆ ಟ್ಯಾಂಕಿನೊಳಗೆ ಒತ್ತಿದ್ರೇನೇ ಎಂಜಿನ್ನಿಗೆ ಎಣ್ಣೆ ಬರೋದು. ಇವತ್ತು ಅದು ಬಾಯಾರಿ ಸತ್ತಿದೆ."

ತಿಪ್ಪೇಶಿ ಕಾರಿನ ಪಕ್ಕ ಕೂತ. ಅಳು ತಡೆಯಲಾಗಲಿಲ್ಲ.

"ನಿಮಗೆ ಕೇಳಿಸ್ಲಿ ಅಂತ ಮಾಡ್ದೆ."

"ಗೊತ್ತು ಬಿಡು. ಕೇಳಿಸ್ತಲ್ಲ."

"ನೀವು ಹೇಳ್ಕೊಡಿ, ನಾನು ಇನ್ನೊಂದು ಮಾಡ್ತೀನಿ."

"ಮಾಡು. ಅದು ನಿನ್ನ ಎಂಜಿನ್ ಆಗುತ್ತೆ, ನನ್ನ ಈ ಎಂಜಿನ್ ಆಗಲ್ಲ."

ಕೊಕ್ಕರೆಗಳು ಒಂದೊಂದಾಗಿ ವಾಪಸು ಬಂದವು.

"ತಿಪ್ಪೇಶಿ, ದಿನಾ ಅಂಗೈ ಒಡ್ತಿದ್ನಲ್ಲ, ಯಾಕೆ ಅಂದ್ಕೊಂಡಿದ್ದೆ?"

ಅವನು ಕಣ್ಣೊರೆಸಿಕೊಂಡು ಗುರುಗಳ ಕಡೆ ತಿರುಗಿದ.

"ಹೊಗೆ ಎಷ್ಟು ಬಿರುಸಾಗಿ ಬಡಿಯುತ್ತೆ, ಎಷ್ಟು ಎಣ್ಣೆ ಹನಿ ಕೂರುತ್ತೆ, ಎಲ್ಲಾ ಅಂಗೈಗೆ ಗೊತ್ತಾಗ್ತಿತ್ತು. ಕಿವಿ ಹೋದ್ಮೇಲೆ ನಾನು ಎಂಜಿನ್ ಕೇಳಿಸ್ಕೊಳ್ತಿದ್ದಿದ್ದೇ ಹಾಗೆ."

ಗುರುಗಳು ಅವನ ಕೈ ಹಿಡಿದು, ಅಂಗೈಯನ್ನು ಕತ್ತರಿಸಿದ ಕೊಳವೆಯ ಬಾಯಿಯ ಹತ್ತಿರ ಒಯ್ದರು.

"ಇನ್ನೂ ಬಿಸಿ ಇದೆ. ಆರೋದ್ರೊಳಗೆ ನೀನೂ ಒಂದ್ಸಲ ಕೇಳಿಸ್ಕೋ."