ಮೂಲೆ ಮರದ ಕೋಟಿ ಜನ

ಗುಡಿಸೋದು ಅತಿಯಾದ್ರೆ ಏನಾಗತ್ತೆ ಅಂತ ಕೇಳ್ತೀರಲ್ಲ! ಅಯ್ಯೋ, ತೋಟ ಗುಡಿಸೋ ಬೊಮ್ಮುವಿನ ಸೊಂಟಾನ ಕೇಳಿ, ಅದೇ ಹೇಳತ್ತೆ.

ಕಡಲ ದಂಡೆ ಮೇಲೊಂದು ರಾಜ್ಯ. ರಾಜನಿಗೆ ನೂರು ಗೇರುಮರ. ಬಿದ್ದ ಬೀಜ ಕಾಣಲಿ ಅಂತ ಹೆಕ್ಕೋ ಕಾಲದಲ್ಲಿ ಮರದಡಿ ಗುಡಿಸೋದು ಎಲ್ಲ ಕಡೆ ಇದ್ದದ್ದೇ. ಆದ್ರೆ ಈ ರಾಜ ವರ್ಷವಿಡೀ ಗುಡಿಸೋಕೆ ಹಚ್ಚಿದ. ಸಾಲದ್ದಕ್ಕೆ ಕುದಿನೀರೂ ಹೊಯ್ಯಿಸಿದ. ನೆಲ ಅರಮನೆ ಜಗಲಿ ಥರ ಹೊಳೀತು.

"ಗುಡಿಸಿದ ಎಲೆ-ಕಸ ಕಡಲಿಗೇ ಹಾಕ್ಬೇಕು. ಇಲ್ಲಾಂದ್ರೆ ಗಡೀಪಾರು!" ಅಂತ ರಾಜನ ಅಪ್ಪಣೆ.

ತೋಟದಾಳು ಬೊಮ್ಮು ಮೂರು ದಿನ ಕಡಲಿಗೆ ಹೊತ್ತ. ನಾಲ್ಕನೇ ದಿನ ಸೊಂಟ ಹಿಡೀತು, ಕಡಲು ದೂರ ಆಯ್ತು. ಯಾರ ಕಣ್ಣೂ ಬೀಳದ, ಕುದಿನೀರೂ ಮುಟ್ಟದ ಮೂಲೆ ಮರದ ಬುಡಕ್ಕೆ ಸುರಿದ. ಆಮೇಲೆ ದಿನಾ ಅಲ್ಲೇ.

ಒಂದು ಮಳೆಗಾಲ ಬೂಷ್ಟು ಬಂತು. ಬೇರು ಕೊಳೀತು, ಎಲೆ ಉದುರಿತು. ರಾಜ ಕತ್ತಿಯವರನ್ನ ಕಳಿಸಿದ, ಬೂಷ್ಟು ನಕ್ಕಿತು. ಹೊಗೆ ಹಾಕಿಸಿದ, ಸೇನಾಪತಿ ಕೆಮ್ಮಿದ, ಬೂಷ್ಟು ನಕ್ಕಿತು. ಉಪ್ಪುನೀರು ಹೊಯ್ಯಿಸಿದ, ಎರಡು ಮರ ಸತ್ತವು, ಬೂಷ್ಟು ಹೊಟ್ಟೆ ಹಿಡ್ಕೊಂಡು ನಕ್ಕಿತು.

ಮೂಲೆ ಮರ ಮಾತ್ರ ಹಚ್ಚಹಸಿರು. ಇದು ತಾನು ಸುರಿದ ಕಸದಿಂದಲೇ ಇರ್ಬೇಕು ಅಂತ ಬೊಮ್ಮುಗೆ ಅನಿಸ್ತು. ಕಸದ ಗುಟ್ಟು ಹೇಳಿದ್ರೆ ಊರು ಬಿಡ್ಬೇಕು. ಹೇಳದಿದ್ರೆ ಕೈಯಾರೆ ನೆಟ್ಟ ಮರಗಳೆಲ್ಲ ಸಾಯ್ತವೆ. ಆದ್ರೂ ಖಾತ್ರಿ ಮಾಡ್ಕೊಳ್ಳೋಣ ಅಂತ ಕೊಳೆತ ಬೇರಿನ ಹತ್ರ ಕುಕ್ಕರುಗಾಲಲ್ಲಿ ಕೂತ.

"ಬೂಷ್ಟಣ್ಣ, ನಿನ್ನಂಥ ಶೂರನಿಗೆ ಯಾರ ಹೆದರಿಕೆ ಬಿಡು!"

ಬೂಷ್ಟು ಉಬ್ಬಿಹೋಯ್ತು. "ಯಾರದ್ದೂ ಇಲ್ಲ! ಆ ಮೂಲೆ ಮರ ಒಂದು ಬಿಟ್ಟು. ಅಲ್ಲಿ ಬೇರಿನ ಸುತ್ತ ಕಣ್ಣಿಗೆ ಕಾಣದ ಜೀವಗಳು ಕೊಳೆತ ಎಲೆ ಉಣ್ಣೋಕೆ ಪಂಕ್ತಿ ಕೂತಿವೆ. ಚಿಟಿಕೆ ಮಣ್ಣಲ್ಲಿ ಕೋಟಿ ಜನ! ನನ್ನ ಪಾಲೂ ಉಣ್ತಾರೆ, ಹತ್ರ ಹೋದ್ರೆ ವಿಷ ಉಗೀತಾರೆ. ಇಲ್ಲಿ ನೋಡು, ಎಲ್ಲ ಕುದಿನೀರಿಗೆ ಸತ್ತು ಊಟಕ್ಕೆ ನಾನೊಬ್ಬನೇ."

ಬೊಮ್ಮು ಬುಟ್ಟಿ ತುಂಬ ಮೂಲೆ ಮರದ ಮಣ್ಣು ಹೊತ್ತು ಅರಮನೆಗೆ ಓಡಿದ. ಹೊಸಿಲು ಎಡವಿದ. ಅರ್ಧ ಬುಟ್ಟಿ ಸಿಂಹಾಸನದ ಮೇಲೆ.

"ಒಡೆಯಾ, ಕಸ ಕಡಲಿಗೆ ಹಾಕ್ಲಿಲ್ಲ, ತಪ್ಪಾಯ್ತು. ಗಡೀಪಾರು ಆಮೇಲೆ ಮಾಡಿ. ಮೊದ್ಲು ಇದ್ರಲ್ಲಿ ಕೈ ಇಡಿ."

ರಾಜ ಕೈ ಇಟ್ಟ. ಕಪ್ಪು ಮಣ್ಣು, ಬೆಚ್ಚಗಿತ್ತು. ಮೊದಲ ಮಳೆಯ ವಾಸನೆ. ಬೊಮ್ಮು ಬೂಷ್ಟಿನ ಮಾತೆಲ್ಲ ಹೇಳಿದ. ರಾಜನ ದನಿ ಇಳೀತು. "ಒಂದು ಹಿಡೀಲಿ ಇರೋಷ್ಟು ಪ್ರಜೆಗಳು ನನಗಿಲ್ವಲ್ಲೋ ಬೊಮ್ಮು!"

ಕುದಿನೀರು ನಿಂತಿತು, ಗಡೀಪಾರಿನ ಮಾತೂ ನಿಂತಿತು. ಒಂದೊಂದು ಮರಕ್ಕೆ ಮೂರು ಬುಟ್ಟಿ ಆ ಮಣ್ಣು. ಮೊದಲನೇದಕ್ಕೆ ಬೂಷ್ಟು ಸರೀತು, ಎರಡನೇದಕ್ಕೆ ಮುದುರಿತು, ಮೂರನೇದಕ್ಕೆ ಎಲ್ಲಿ ಹೋಯ್ತೋ, ಇನ್ನೂ ಪತ್ತೆಯಿಲ್ಲ. ಮುಂದಿನ ವರ್ಷ ತೋಟಕ್ಕೆ ತೋಟವೇ ಹೂ ಬಿಡ್ತು.

ಅದಕ್ಕೇ ಮಕ್ಕಳೇ, ಕಣ್ಣಿಗೆ ಕಾಣದವರನ್ನ ಕಸ ಅಂತ ಗುಡಿಸಿ ಎಸೀಬೇಡಿ. ನಮ್ಮ ಮರ ನಿಂತಿರೋದೇ ಅವರಿಂದ.

ಹಾಂ, ಅರಮನೆಗೆ ಓಡಿದ ಆ ದಿನ ಬೊಮ್ಮು ಮಣ್ಣುಗಾಲಲ್ಲೇ ಮನೆಗೆ ಬಂದು ಹೆಂಡತಿ ಗಣಪಿಗೆ ಎಲ್ಲ ಹೇಳಿದ. ಅವಳು ಅವನ ಕಾಲನ್ನೇ ನೋಡಿದಳು.

"ಕೋಟಿ ಜನಾನ ಕರ್ಕೊಂಡ್ ಬಂದ್ರೆ ಅಡುಗೆ ಯಾರು ಮಾಡೋದು? ಕಾಲು ತೊಳ್ಕೊಂಡು ಬನ್ನಿ." ಅವನು ಹೊರಟಾಗ ಹಿಂದಿನಿಂದ ಕೂಗಿದಳು, "ಆ ನೀರು ಮಾತ್ರ ಅಂಗಳಕ್ಕೆ ಚೆಲ್ಬೇಡಿ, ತೆಂಗಿನ ಬುಡಕ್ಕೆ ಹೊಯ್ಯಿ."