ಮಲ್ಲಿಗೆಯ ಸಾಕು, ದಾಸವಾಳದ ಸಾಕು

ಜಗತ್ತು ಹೊಸದಾಗಿದ್ದ ಕಾಲದಲ್ಲಿ ಯಾರಿಗೂ ಕೂತುಕೊಳ್ಳುವುದು ಗೊತ್ತಿರಲಿಲ್ಲ.

ಸೂರ್ಯನಿಗೆ ಬೆಳಗುವುದು ಗೊತ್ತಿತ್ತು, ನದಿಗೆ ಹರಿಯುವುದು ಗೊತ್ತಿತ್ತು, ಗಾಳಿಗೆ ಬೀಸುವುದು ಗೊತ್ತಿತ್ತು. ಕೂತುಕೊಂಡು ಉಸ್ಸಪ್ಪಾ ಅನ್ನುವುದನ್ನು ಮಾತ್ರ ಯಾರೂ ಇನ್ನೂ ಕಲಿತಿರಲಿಲ್ಲ. ಕೆಲಸ ಹೊಸದು, ಉತ್ಸಾಹ ಜಾಸ್ತಿ. ಆಮೇಲಾಮೇಲೆ ಒಬ್ಬೊಬ್ಬರಿಗೇ ಸೊಂಟ ಹಿಡಿಯತೊಡಗಿತು.

ಆ ಕಾಲದಲ್ಲಿ ಹೊಂಬಾಳಮ್ಮ ಎಂಬ ಮುದುಕಿ ಇದ್ದಳು. ಜಗತ್ತೇ ಹೊಸದಾಗಿದ್ದಾಗ ಮುದುಕಿ ಎಲ್ಲಿಂದ ಬಂದಳು ಎಂದು ಕೇಳಬೇಡ ಸಿಂಚನಾ. ಗಿಡಗಳಿಗೆ ನೀರು ಹೊತ್ತು ಹೊತ್ತು ಬೇಗ ಮುದುಕಿಯಾದಳು, ಅಷ್ಟೆ. ನಿನ್ನ ಅಜ್ಜಿಯನ್ನೇ ನೋಡು.

ಅವಳ ಹಿತ್ತಲಲ್ಲಿ ಇದ್ದದ್ದು ಎರಡೇ ಗಿಡ. ಗೋಡೆಯ ಪಕ್ಕ ಮಲ್ಲಿಗೆ, ಬೇಲಿಯ ಪಕ್ಕ ದಾಸವಾಳ. ಚೆಂಡುಹೂವಿನ ಹಾಗೆ ಒಂದು ಹಬ್ಬ ಕಂಡು ಒಣಗಿಹೋಗುವ ಗಿಡಗಳಲ್ಲ ಅವು. ನೆಟ್ಟರೆ ವರ್ಷವರ್ಷವೂ ನಿಲ್ಲುವಂಥವು. ಆಗ ಎರಡೂ ದಿನಾ ಅರಳುತ್ತಿದ್ದವು. ಎರಡಕ್ಕೂ ಪರಿಮಳವಿತ್ತು. ಹೌದು, ದಾಸವಾಳಕ್ಕೂ ಇತ್ತು. ಬೆಳಿಗ್ಗೆ ಅರಳಿದ ಹೂ ಸಂಜೆಯಾದರೂ ಮುಚ್ಚಿಕೊಳ್ಳುತ್ತಿರಲಿಲ್ಲ.

ಹೊಂಬಾಳಮ್ಮ ಎರಡನ್ನೂ ಒಂದೇ ಥರ ನೋಡಿಕೊಂಡಳು. ಇದಕ್ಕೊಂದು ಬಿಂದಿಗೆ ನೀರು, ಅದಕ್ಕೊಂದು ಬಿಂದಿಗೆ ನೀರು. ಇದಕ್ಕೊಂದು ಬುಟ್ಟಿ ಗೊಬ್ಬರ, ಅದಕ್ಕೊಂದು ಬುಟ್ಟಿ ಗೊಬ್ಬರ.

“ಇಬ್ರೂ ನನ್ ಮಕ್ಳೇ. ಭೇದ ಮಾಡಕ್ಕಾಯ್ತದಾ?” ಎನ್ನುತ್ತಿದ್ದಳು.

ಹೀಗೇ ಅರಳಿ ಅರಳಿ ಮಲ್ಲಿಗೆಗೆ ಸುಸ್ತಾಯಿತು. ಒಂದು ದಿನ ಹೊಂಬಾಳಮ್ಮ ಬಿಂದಿಗೆ ಬಗ್ಗಿಸುತ್ತಿದ್ದಾಗ ಅದು ಮೆಲ್ಲಗೆ, “ಸಾಕು” ಎಂದಿತು.

ಈ ‘ಸಾಕು’ ಎಂಬ ಮಾತು ನಮ್ಮಲ್ಲಿ ಬಹಳ ತರಲೆ ಮಾತು. ಊಟಕ್ಕೆ ಕೂತವರು ತಟ್ಟೆಗೆ ಕೈ ಅಡ್ಡ ಇಟ್ಟು ಸಾಕು ಅಂದರೆ, ಇನ್ನು ಬೇಡ ಅಂತ. ಎಳೆಗರುವನ್ನು ಮಡಿಲಿಗೆ ಹಾಕಿ ಸಾಕು ಅಂದರೆ, ಇದನ್ನು ಬೆಳೆಸು ಅಂತ. ಮಲ್ಲಿಗೆ ಹೇಳಿದ್ದು ತಟ್ಟೆಯ ಸಾಕು. ಆದರೆ ಅಡ್ಡ ಇಡಲು ಅದಕ್ಕೆ ಕೈ ಇರಲಿಲ್ಲ.

“ಅಯ್ಯೋ ನನ್ ಕಂದಾ!” ಎಂದು ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. “ಸಾಕು ಅಂತ ಬಾಯ್ಬಿಟ್ಟು ಕೇಳ್ತಲ್ಲಾ! ನಾನು ಸರ್ಯಾಗಿ ಸಾಕ್ನಿಲ್ಲ ಅಂತ ತಾನೆ?”

ಅವತ್ತಿನಿಂದ ಮಲ್ಲಿಗೆಗೆ ಹೆಚ್ಚು ನೀರು, ಹೆಚ್ಚು ಗೊಬ್ಬರ. ಮಲ್ಲಿಗೆ ಎಲೆ ಬಿಟ್ಟಿತು, ಉದ್ದುದ್ದ ಬಳ್ಳಿ ಬಿಟ್ಟಿತು, ಗೋಡೆ ಹತ್ತಿ ಆಚೆ ಇಳಿಯಿತು. ಹೂ ಮಾತ್ರ ಕಡಿಮೆಯಾಯಿತು.

“ಸಾಕು, ಸಾಕು!” ಎಂದು ಮಲ್ಲಿಗೆ ಕೂಗಿತು.

“ಸಾಕ್ತೀನಿ ಕಂದಾ, ಸಾಕ್ತೀನಿ!” ಎಂದು ಹೊಂಬಾಳಮ್ಮ ಇನ್ನೂ ಜೋರಾಗಿ ಓಡಿದಳು. ಬುಡದ ಮಣ್ಣು ಅಂಬಲಿಯಂತಾಯಿತು. ಬೇರು ಮೆತ್ತಗಾಯಿತು, ಎಲೆ ಹಳದಿಯಾಯಿತು. ಸಾಕಿ ಸಾಕಿ ಮಲ್ಲಿಗೆ ಸಾಯುವ ಹಾಗಾಯಿತು.

ನೀರು ಹೊರುವ ಸೊಂಟವೊಂದೇ ಅಲ್ಲವೇ? ಮಲ್ಲಿಗೆಗೆ ಹೆಚ್ಚಾದದ್ದೆಲ್ಲ ದಾಸವಾಳದ ಪಾಲಿನದು. ದಾಸವಾಳದ ಎಲೆ ಜೋತುಬಿದ್ದವು. ಮೊಗ್ಗುಗಳು ಅರಳುವ ಮೊದಲೇ ಉದುರತೊಡಗಿದವು. ಒಂದು ದಿನ ಅದೂ ಒಣಗಿದ ದನಿಯಲ್ಲಿ, “ಸಾಕು” ಎಂದಿತು. ಅದು ಹೇಳಿದ್ದು ಕರುವಿನ ಸಾಕು. ನನ್ನನ್ನೂ ಸಾಕು ಅವ್ವಾ ಅಂತ.

ಹೊಂಬಾಳಮ್ಮನದು ದಣಿದ ಕಿವಿ. ಅವಳಿಗೆ ಕೇಳಿಸಿದ್ದು ತಟ್ಟೆಯ ಸಾಕು.

“ಜಾಣೆ ನನ್ ಮಗ್ಳು. ಅವ್ವನ ಕಷ್ಟ ಇವಳ್ಗೆ ಗೊತ್ತಾಯ್ತದೆ” ಎಂದು ತಲೆ ಸವರಿ ಬಿಂದಿಗೆಯನ್ನು ಮಲ್ಲಿಗೆಯ ಬುಡಕ್ಕೇ ಒಯ್ದಳು. ದಾಸವಾಳ ನೋಡುತ್ತಲೇ ನಿಂತಿತು. ನನಗೆ ಈ ಕಥೆಯಲ್ಲಿ ತುಂಬ ಸಂಕಟವಾಗುವುದು ಇಲ್ಲೇ.

“ಯಾಕವ್ವಾ ಹಿಂಗ್ ಓಡಾಡ್ತೀಯೆ?” ಎಂದು ನದಿ ಕೇಳಿತು.

“ಮಗಾ ಸಾಕು ಅಂತದೆ.”

“ಯಾವ ಸಾಕು?”

“ಸಾಕು ಅಂದ್ರೆ ಸಾಕೇ ಕಣವ್ವಾ. ಅದ್ರಲ್ಲಿ ಯಾವ್ದು ಅಂತ ಏನ್ ಕೇಳ್ತೀಯೆ?”

ನದಿಗೂ ಹರಿದು ಹರಿದು ಸಾಕಾಗಿತ್ತು. ಹೆಚ್ಚು ವಿಚಾರಿಸಲಿಲ್ಲ.

ಒಂದು ಸಂಜೆ ಹೊಂಬಾಳಮ್ಮ ತುಂಬಿದ ಬಿಂದಿಗೆ ಹೊತ್ತು ಹಿತ್ತಲಿಗೆ ಬಂದಳು. ಎರಡೂ ಗಿಡಗಳ ನಡುವೆ ಅವಳ ಮಂಡಿ ಕುಸಿಯಿತು. ಬಿಂದಿಗೆ ಉರುಳಿತು, ನೀರೆಲ್ಲ ಯಾರಿಗೂ ಸಿಗದೆ ಬೇಲಿಯಾಚೆ ಹರಿದುಹೋಯಿತು. ಅವಳು ನೆಲದ ಮೇಲೆ ಕೂತಳು. ಜಗತ್ತಿನಲ್ಲಿ ಮೊಟ್ಟಮೊದಲು ಕೂತವಳು ಅವಳೇ.

ಕೂತು, “ಸಾಕು” ಎಂದಳು.

ಗಾಳಿ ಬೀಸುವುದನ್ನು ನಿಲ್ಲಿಸಿತು. “ಮುದುಕಿ ಸಾಕು ಅಂತಾವ್ಳೆ. ಇದು ಯಾವ ಸಾಕು?” ಎಂದು ಕೇಳಿತು.

“ಅದು ನನ್ ಸಾಕು. ಇನ್ ಬ್ಯಾಡ ಅನ್ನೋ ಸಾಕು” ಎಂದಿತು ಮಲ್ಲಿಗೆ.

“ಅಲ್ಲ ಕಣಕ್ಕಾ, ಅದು ನನ್ ಸಾಕು. ಯಾರಾದ್ರೂ ನನ್ನ ನೋಡ್ಕಳಿ ಅನ್ನೋ ಸಾಕು” ಎಂದಿತು ದಾಸವಾಳ.

ನನ್ ಸಾಕು, ನನ್ ಸಾಕು ಎಂದು ಅಕ್ಕತಂಗಿಯರು ನಿಶ್ಶಕ್ತಿಯಿಂದಲೇ ಜಗಳಕ್ಕೆ ನಿಂತರು. ಹೊಂಬಾಳಮ್ಮ ಕೇಳಿಸಿಕೊಂಡಳು. ಅವಳಿಗೆ ನಗು ಬರಬೇಕಿತ್ತು, ಅಳು ಬಂತು.

“ಎರಡೂ ಕಣ್ರವ್ವಾ” ಎಂದಳು. “ನಂದು ಎರಡೂ ಹೌದು. ನಿಮ್ದು ಯಾವ್ದು ಅಂತ ನಾನು ಒಂದ್ ದಿನಾನೂ ಕೇಳ್ನಿಲ್ವಲ್ಲಾ.”

ನಿಂತಿದ್ದಾಗ ಅವಳಿಗೆ ಎಲೆ ಮಾತ್ರ ಕಾಣುತ್ತಿತ್ತು, ಕೂತಾಗ ಮಣ್ಣು ಕಂಡಿತು. ಮಲ್ಲಿಗೆಯ ಬುಡಕ್ಕೆ ಬೆರಳಿಟ್ಟಳು. ಬೆರಳು ಕೆಸರಲ್ಲಿ ಹೂತುಹೋಯಿತು. ತೆವಳಿಕೊಂಡು ಹೋಗಿ ದಾಸವಾಳದ ಬುಡಕ್ಕೆ ಬೆರಳಿಟ್ಟಳು. ಬೆರಳು ಒಳಗೇ ಇಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಕುಡುಗೋಲು ತಂದು ಮಲ್ಲಿಗೆಯ ಮುಂದೆ ಕೂತಳು.

“ನೋಯ್ತದಾ ಅವ್ವಾ?”

“ನೋಯ್ತದೆ. ಆಮ್ಯಾಕೆ ಹಗುರಾಯ್ತದೆ.”

ಉದ್ದ ಬಳ್ಳಿಗಳನ್ನೆಲ್ಲ ಕತ್ತರಿಸಿದಳು. ಎಲೆ ಕಿತ್ತಳು. ಬುಡ ಬಿಡಿಸಿ ಬೇರಿನ ಹತ್ತಿರ ಬಿಸಿಲು ಬೀಳುವ ಹಾಗೆ ಮಾಡಿದಳು. “ಮನಿಕ್ಕೋ ಕಂದಾ. ಚಳಿ ಕಳಿಯೋಗಂಟ ನೀರಿಲ್ಲ, ಕೆಲ್ಸಾನೂ ಇಲ್ಲ” ಎಂದಳು.

ದಾಸವಾಳಕ್ಕೆ ದಿನಾ ಬೆಳಿಗ್ಗೆ ತಪ್ಪದೆ ಒಂದು ಬಿಂದಿಗೆ ನೀರು ಬಂತು. ಅದರ ಎಲೆ ಎದ್ದು ನಿಂತವು. ಆಗ ಅದು ಹೇಳಿತು:

“ಅಕ್ಕ ಮನಿಕ್ಕಂಡ್ರೆ ಹಿತ್ಲು ಬರಿದಾಯ್ತದೆ. ನಾನೇ ದಿನಾ ಅರಳ್ತೀನಿ ಬುಡವ್ವಾ. ಆದ್ರೆ ಅರಳೋದೂ ನಾನೇ, ಪರಿಮಳ ಹೊರೋದೂ ನಾನೇ ಅಂದ್ರೆ ಆಗಕ್ಕಿಲ್ಲ. ಸಂಜೆಗೆ ಮುಚ್ಕತೀನಿ. ನನ್ ಪರಿಮಳ ಅಕ್ಕನ ಹತ್ರ ಇರ್ಲಿ.”

ಗಾಳಿ ಆ ಪರಿಮಳವನ್ನು ಜೋಪಾನವಾಗಿ ಎತ್ತಿಕೊಂಡು ಹೋಗಿ ಮಲ್ಲಿಗೆಯ ಬೇರಿನಲ್ಲಿ ಇಟ್ಟಿತು. ದಿನವಿಡೀ ಇಬ್ಬರ ಪರಿಮಳ ಹೊರುವುದು ತಪ್ಪಿತಲ್ಲ ಎಂದು ಅದಕ್ಕೂ ನೆಮ್ಮದಿಯಾಯಿತು. ಮರದ ಮೇಲೆ ಹೋಗಿ ಸ್ವಲ್ಪ ಹೊತ್ತು ಕೂತಿತು.

ಚಳಿ ಬಂತು. ದಾಸವಾಳ ದಿನಾ ಅರಳಿ ದಿನಾ ಮುಚ್ಚಿಕೊಂಡಿತು. ಮಲ್ಲಿಗೆ ಒಲೆಗೆ ಹಾಕುವ ಪುಳ್ಳೆಯ ಹಾಗೆ ನಿಂತಿತ್ತು. ಹೊಂಬಾಳಮ್ಮ ಬೆಳಗಿನ ಬಿಂದಿಗೆ ಮುಗಿಸಿ ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದಳು. ಕೊಂದುಬಿಟ್ಟೆನೇನೋ ಎಂದು ಅವಳಿಗೆ ಭಯ. ಒಂದು ಚೊಂಬು ನೀರು ಹಾಕಿಬಿಡಲೇ ಎಂದು ಕೈ ತುಡಿಯುತ್ತಿತ್ತು. ಹಾಕಲಿಲ್ಲ. ನೀರು ಹೊರುವುದಕ್ಕಿಂತ ಹಾಕದೆ ಕೂತಿರುವುದೇ ಅವಳಿಗೆ ಹೆಚ್ಚು ದಣಿವಾಯಿತು.

ಚಳಿ ಹೋಗಿ ಬಿಸಿಲು ಏರಿತು. ಕತ್ತರಿಸಿದ ಜಾಗದಲ್ಲೆಲ್ಲ ಚಿಗುರು ಕಣ್ಣುಬಿಟ್ಟಿತು. ಆಗ ಹೊಂಬಾಳಮ್ಮ ಬುಡಕ್ಕೆ ಗೊಬ್ಬರ ಹಾಕಿ ಮೇಲೆ ನೀರು ಹನಿಸಿದಳು. ಈ ಸಲ ಬೆರಳಿಟ್ಟು ನೋಡಿಯೇ.

ಒಂದು ಸಂಜೆ ದಾಸವಾಳ ಆಕಳಿಸುತ್ತ ಮುಚ್ಚಿಕೊಳ್ಳುತ್ತಿತ್ತು.

“ತಂಗೀ, ನೀನು ಮನಿಕ್ಕೋ. ಇನ್ನು ನಾನು ನೋಡ್ಕತೀನಿ” ಎಂದಿತು ಮಲ್ಲಿಗೆ. ಹಾಗೆ ಹೇಳುತ್ತಲೇ ಗಿಡದ ತುಂಬ ಬೆಳ್ಳಗೆ ಬಿರಿಯಿತು. ತನ್ನ ಪರಿಮಳದ ಜೊತೆಗೆ ತಂಗಿಯ ಪರಿಮಳವೂ ಸೇರಿ ಹಿತ್ತಲು ಘಮ್ಮೆಂದಿತು.

ಹೊಂಬಾಳಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಮೂಗು ಅರಳಿಸಿ ಉಸಿರೆಳೆದುಕೊಂಡಳು. ಕಣ್ಣು ಮುಚ್ಚಿದಳು.

“ಸಾಕು” ಎಂದಳು.

ಯಾವ ಸಾಕು ಎಂದು ಈ ಸಲ ಯಾರೂ ಕೇಳಲಿಲ್ಲ. ಗಾಳಿ ಇಳಿದುಬಂದು ಅವಳ ಪಕ್ಕ ಕೂತಿತು.

ಅದಕ್ಕೇ ಸಿಂಚನಾ, ಅಜ್ಜಿ ಇವತ್ತು ಮಲ್ಲಿಗೆಯನ್ನು ಕತ್ತರಿಸಿಬಿಟ್ಟಳು ಎಂದು ಅಳಬೇಡ. ಅದು ಮಲಗಿದೆ. ಕದ್ದುಮುಚ್ಚಿ ನೀರು ಹಾಕಬೇಡ. ದಾಸವಾಳಕ್ಕೆ ಮಾತ್ರ ನಾಳೆ ಬೆಳಿಗ್ಗೆ ಮರೆಯದೆ ಹಾಕು. ಮೂಸಿ ನೋಡಿ ಏನೂ ವಾಸನೆಯಿಲ್ಲ ಎಂದು ಮೂತಿ ತಿರುಗಿಸಬೇಡ. ಅದರ ಪರಿಮಳ ಅಕ್ಕನ ಹತ್ತಿರ ಇದೆ, ಬೇಸಿಗೆಗೆ ಬರುತ್ತದೆ.

ಬೆಳಿಗ್ಗೆ ಅಷ್ಟಗಲ ಅರಳಿದ್ದ ದಾಸವಾಳ ಈಗ ಸುರುಳಿ ಸುತ್ತಿಕೊಂಡು ಜೋತಿದೆ, ನೋಡು. ಅದು ಹೇಳುತ್ತಿರುವುದು ಸಾಕು ಅಂತ, ಅದರ ಪಕ್ಕದ ಪುಟ್ಟ ಮೊಗ್ಗು ಹೇಳುತ್ತಿರುವುದೂ ಸಾಕು ಅಂತ, ಇಲ್ಲಿ ಸೊಂಟ ಹಿಡಿದುಕೊಂಡು ನಿನ್ನ ಅಜ್ಜಿ ಹೇಳುತ್ತಿರುವುದೂ ಅದನ್ನೇ, ಬಾ, ಪಕ್ಕ ಕೂತುಕೋ.